ಇನ್ನೂ ಗಳಿಸದ ಬಡ್ಡಿ ಮಾರಾಟದ ಲೆಕ್ಕಕ್ಕೆ ಹೋದಾಗ: ಜೆರಾಕ್ಸ್ ಕಂಪನಿಯ ಲೀಸ್ ಬಾಕಿ, ಒಂದು ಪ್ರಕರಣ ಅಧ್ಯಯನ

2002ರ ಏಪ್ರಿಲ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ ಎಸ್‌ಇಸಿ, ಜೆರಾಕ್ಸ್ ಕಂಪನಿಯ ಮೇಲೆ ಕೇಸು ಹಾಕಿತು. 1997ರಿಂದ 2000ದ ವರೆಗಿನ ನಾಲ್ಕು ವರ್ಷಗಳಲ್ಲಿ ಕಂಪನಿ 300 ಕೋಟಿ ಡಾಲರ್‌ಗೂ ಜಾಸ್ತಿ ಯಂತ್ರ ಮಾರಾಟದ ಆದಾಯವನ್ನು ಕಾಲಕ್ಕೆ ಮೊದಲೇ ಪುಸ್ತಕಕ್ಕೆ ಹತ್ತಿಸಿದೆ, ತೆರಿಗೆಗೆ ಮುಂಚಿನ ಲಾಭವನ್ನು ಸುಮಾರು 150 ಕೋಟಿ ಡಾಲರ್ ಉಬ್ಬಿಸಿದೆ ಎಂಬುದು ಆರೋಪ. ಕಂಪನಿ ಇದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. 1 ಕೋಟಿ ಡಾಲರ್ ದಂಡ ಕಟ್ಟಿ, ಹಳೆಯ ವರ್ಷಗಳ ಲೆಕ್ಕವನ್ನು ತಿದ್ದಿ ಬರೆಯಲು ಒಪ್ಪಿಕೊಂಡಿತು. ಲೆಕ್ಕಪತ್ರದ ವಂಚನೆಗೆ ಒಂದು ಕಂಪನಿ ಎಸ್‌ಇಸಿಗೆ ಕಟ್ಟಿದ ದಂಡಗಳಲ್ಲಿ ಆವತ್ತಿಗೆ ಅದೇ ದೊಡ್ಡದು.

ಈ ಕೇಸಿನ ಮುಖ್ಯ ಭಾಗದಲ್ಲಿ ಬೋಗಸ್ ಗಿರಾಕಿಗಳಿಲ್ಲ, ಖಾಲಿ ಗೋದಾಮುಗಳಿಲ್ಲ. ಯಂತ್ರಗಳು ನಿಜವಾಗಿಯೂ ಆಫೀಸುಗಳಿಗೆ ಹೋಗಿದ್ದವು. ಒಪ್ಪಂದಗಳು ನಿಜ, ತಿಂಗಳು ತಿಂಗಳು ಬರುವ ಹಣವೂ ನಿಜ. ಜಗಳ ಇದ್ದದ್ದು ಒಂದೇ ವಿಷಯಕ್ಕೆ: ಬರಬೇಕಾದ ಆ ಹಣದಲ್ಲಿ ಎಷ್ಟು ಯಂತ್ರದ ಬೆಲೆ, ಎಷ್ಟು ಬಡ್ಡಿ, ಎಷ್ಟು ರಿಪೇರಿ–ಟೋನರ್ ಸೇವೆಯ ದುಡ್ಡು? ಬಡ್ಡಿ ಎಂದು ಬರೆದರೆ ಐದು ವರ್ಷ ಕಾಯಬೇಕು. ಯಂತ್ರದ ಬೆಲೆ ಎಂದು ಬರೆದರೆ ಇವತ್ತೇ ಲಾಭ. ಗಳಿಸದ ಬಡ್ಡಿ, ಅಂದರೆ ಅನ್‌ಅರ್ನ್ಡ್ ಫೈನಾನ್ಸ್ ಚಾರ್ಜ್, ಎಂಬ ಒಣ ಸಾಲು ಒಂದು ಕಂಪನಿಯ ಹಣೆಬರಹವನ್ನೇ ಹೇಗೆ ಬದಲಿಸಬಹುದು ಎಂದು ನೋಡಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ.

ಬಾಡಿಗೆಗೆ ಕೊಡುವ ಹಳೇ ಅಭ್ಯಾಸ

ಜೆರಾಕ್ಸ್ ಮೊದಲಿಂದಲೂ ಯಂತ್ರ ಮಾರುವುದಕ್ಕಿಂತ ಬಾಡಿಗೆಗೆ ಕೊಟ್ಟೇ ಬೆಳೆದ ಕಂಪನಿ. 1959ರಲ್ಲಿ ಬಂದ 914 ಮಾಡೆಲ್ ಯಂತ್ರ ದೊಡ್ಡದು, ದುಬಾರಿ. ಅದನ್ನು ತಿಂಗಳಿಗೆ 95 ಡಾಲರ್ ಬಾಡಿಗೆಗೆ ಕೊಟ್ಟರು. ಮೊದಲ 2,000 ಪ್ರತಿ ಅದರಲ್ಲೇ ಸೇರಿತ್ತು, ಮೇಲಿನ ಪ್ರತಿಗಳಿಗೆ ಬೇರೆ ದುಡ್ಡು. ಗಿರಾಕಿಗೆ ದೊಡ್ಡ ಬಂಡವಾಳ ಬೇಕಾಗಲಿಲ್ಲ. ಕಂಪನಿಗೆ ಹಣ ವರ್ಷಗಟ್ಟಲೆ ಹರಿದು ಬಂತು.

1990ರ ದಶಕದ ಹೊತ್ತಿಗೆ ಈ ಬಾಡಿಗೆ ದೊಡ್ಡ ಪಾಲು ಲೀಸ್, ಅಂದರೆ ಹಲವು ವರ್ಷಕ್ಕೆ ಒಟ್ಟಿಗೆ ಮಾಡಿಕೊಳ್ಳುವ ಬಾಡಿಗೆ ಒಪ್ಪಂದವಾಗಿ ಬದಲಾಗಿತ್ತು. ಗಿರಾಕಿ ತಿಂಗಳಿಗೆ ಒಂದೇ ಮೊತ್ತ ಕಟ್ಟುತ್ತಾನೆ. ಆ ಒಂದೇ ಮೊತ್ತದಲ್ಲಿ ಯಂತ್ರ, ಬಡ್ಡಿ, ಸರ್ವಿಸ್, ಟೋನರ್ ಎಲ್ಲ ಸೇರಿರುತ್ತದೆ. ಬಿಡಿ ಬಿಡಿ ಬೆಲೆ ಗಿರಾಕಿಗೆ ಬೇಕಿಲ್ಲ. ಆದರೆ ಲೆಕ್ಕ ಬರೆಯುವವನಿಗೆ ಬೇಕೇ ಬೇಕು.

ಆಗಿನ ಅಮೆರಿಕದ ಲೀಸ್ ನಿಯಮ ಹೇಳಿದ್ದು ಸರಳ. ಯಂತ್ರದ ಉಪಯೋಗವೆಲ್ಲ ಹೆಚ್ಚೂಕಡಿಮೆ ಗಿರಾಕಿಗೇ ಹೋಗುವಂಥ ಲೀಸ್ ಆದರೆ ಅದು ಮಾರಾಟದಂತೆಯೇ. ಯಂತ್ರದ ನ್ಯಾಯವಾದ ಬೆಲೆಯನ್ನು ಮೊದಲ ದಿನವೇ ಮಾರಾಟ ಎಂದು ಬರೆಯಬಹುದು. ಬಡ್ಡಿಯನ್ನು ಕಾಲ ಕಳೆದಂತೆ ಬರೆಯಬೇಕು. ಸರ್ವಿಸ್ ದುಡ್ಡನ್ನು ಸರ್ವಿಸ್ ಮಾಡಿದಂತೆ ಬರೆಯಬೇಕು. ಜೆರಾಕ್ಸ್ ಒಳಗೆ ಯಂತ್ರಕ್ಕೆ ಇದ್ದ ಹೆಸರು 'ಬಾಕ್ಸ್'. ಹಣ ಬಾಕ್ಸಿಗೆ ಬಿದ್ದರೆ ಈ ತ್ರೈಮಾಸಿಕದ ಲಾಭ, ಆಚೆ ಬಿದ್ದರೆ ಮುಂದಿನ ವರ್ಷಗಳ ಲಾಭ.

ಒಂದು ಒಪ್ಪಂದ, ಅಂಕಿಗಳ ಸಮೇತ

ಕೆಳಗಿನ ಅಂಕಿಗಳು ಜೆರಾಕ್ಸ್ ಪುಸ್ತಕದ್ದಲ್ಲ. ಲೆಕ್ಕ ಅರ್ಥವಾಗಲಿ ಅಂತ ನಾನೇ ಕಟ್ಟಿದ್ದು. ತಿಂಗಳ ಕಂತಿನ ಬದಲು ವರ್ಷದ ಕೊನೆಗೆ ಒಂದು ಕಂತು ಅಂದುಕೊಳ್ಳೋಣ, ಲೆಕ್ಕ ಹಗುರವಾಗುತ್ತದೆ.

ಗಿರಾಕಿ ವರ್ಷಕ್ಕೆ 36,380 ಡಾಲರ್‌ನಂತೆ ಐದು ವರ್ಷ ಕಟ್ಟುತ್ತಾನೆ. ಒಟ್ಟು 1,81,900. ಇದರಲ್ಲಿ ವರ್ಷಕ್ಕೆ 10,000 ಸರ್ವಿಸ್ ಮತ್ತು ಟೋನರಿನದು. ಉಳಿದ 26,380 ಯಂತ್ರ ಮತ್ತು ಬಡ್ಡಿ. ಯಂತ್ರವನ್ನು ನಗದಿಗೆ ಕೊಂಡರೆ ಬೆಲೆ 1,00,000. ಅಂದರೆ ಐದು ವರ್ಷದಲ್ಲಿ ಬರುವ 1,31,900ರಲ್ಲಿ 1,00,000 ಅಸಲು, 31,900 ಬಡ್ಡಿ. ಲೆಕ್ಕ ಹಾಕಿದರೆ ಬಡ್ಡಿ ದರ ವರ್ಷಕ್ಕೆ ಶೇ. 10.

ಯಂತ್ರ ಗಿರಾಕಿಯ ಆಫೀಸು ತಲುಪಿದ ದಿನ ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ. ಲೀಸ್ ಬಾಕಿ ಖಾತೆಗೆ 1,31,900 ಡೆಬಿಟ್. ಯಂತ್ರ ಮಾರಾಟಕ್ಕೆ 1,00,000 ಕ್ರೆಡಿಟ್. ಗಳಿಸದ ಫೈನಾನ್ಸ್ ಆದಾಯಕ್ಕೆ 31,900 ಕ್ರೆಡಿಟ್.

ಈ ಕೊನೆಯ ಸಾಲು ಬ್ಯಾಲೆನ್ಸ್ ಶೀಟಿನಲ್ಲಿ, ಅಂದರೆ ಕಂಪನಿಯ ಆಸ್ತಿ–ಸಾಲಗಳ ಪಟ್ಟಿಯಲ್ಲಿ, ಎಲ್ಲಿ ಕೂರಬೇಕು? ಕ್ರೆಡಿಟ್ ಬಾಕಿ ಅಲ್ವಾ, ಸಾಲದ ಕಡೆ ಹಾಕೋಣ ಅಂತ ಬಿ.ಕಾಂ. ಮುಗಿಸಿದವರೂ ಅಂದುಕೊಳ್ಳುತ್ತಾರೆ. ಅದು ಸಾಲವಲ್ಲ. ಈ 31,900ಕ್ಕೆ ಕಂಪನಿ ಗಿರಾಕಿಗೆ ಏನನ್ನೂ ಕೊಡಬೇಕಾಗಿಲ್ಲ, ಸುಮ್ನೆ ಕಾಲ ಕಳೆಯಬೇಕು ಅಷ್ಟೇ. ಆದ್ದರಿಂದ ಅದನ್ನು ಬರಬೇಕಾದ ಬಾಕಿಯಿಂದಲೇ ಕಳೆದು ತೋರಿಸುತ್ತಾರೆ: ಒಟ್ಟು ಬಾಕಿ 1,31,900, ಕಳೆ ಗಳಿಸದ ಬಡ್ಡಿ 31,900, ನಿವ್ವಳ ಬಾಕಿ 1,00,000. ಗಿರಾಕಿ ಸರ್ವಿಸ್ ದುಡ್ಡನ್ನು ಮುಂಗಡ ಕೊಟ್ಟಿದ್ದರೆ ಮಾತು ಬೇರೆ. ಅದು ಹೊಣೆ, ಯಾಕೆಂದರೆ ಮೆಕ್ಯಾನಿಕ್ ಇನ್ನೂ ಹೋಗಿ ಕೆಲಸ ಮಾಡಬೇಕು.

ವರ್ಷ ಕಳೆದಂತೆ ಗಳಿಸದ ಬಡ್ಡಿ ಕರಗಿ ಗಳಿಸಿದ ಬಡ್ಡಿಯಾಗುತ್ತದೆ. ಮೊದಲ ವರ್ಷ 1,00,000ಕ್ಕೆ ಶೇ. 10, ಅಂದರೆ 10,000. ಕಂತು 26,380 ಬಂತು, ಅದರಲ್ಲಿ 10,000 ಬಡ್ಡಿಗೆ, 16,380 ಅಸಲಿಗೆ. ಈಗ ಒಟ್ಟು ಬಾಕಿ 1,05,520, ಗಳಿಸದ ಬಡ್ಡಿ 21,900, ನಿವ್ವಳ 83,620. ಎರಡನೇ ವರ್ಷದ ಬಡ್ಡಿ 8,362. ಮೂರನೇ ವರ್ಷ 6,560, ನಾಲ್ಕನೇ ವರ್ಷ 4,578, ಕೊನೆಯ ವರ್ಷ 2,400. ಅಸಲು ಇಳಿದಂತೆ ಬಡ್ಡಿಯೂ ಇಳಿಯುತ್ತದೆ.

31,900ನ್ನು ಐದರಿಂದ ಭಾಗಿಸಿ ವರ್ಷಕ್ಕೆ 6,380 ಅಂತ ಬರೆದರೆ ಆಗೋದಿಲ್ವಾ? ಆಗೋದಿಲ್ಲ. ಮೊದಲ ವರ್ಷ ಗಿರಾಕಿಯ ಕೈಯಲ್ಲಿ ಒಂದು ಲಕ್ಷ ಇದೆ, ಕೊನೆಯ ವರ್ಷ 24 ಸಾವಿರ ಇದೆ. ಎರಡಕ್ಕೂ ಒಂದೇ ಬಡ್ಡಿ ಹೇಗೆ? ನಮ್ಮಲ್ಲಿ ಬೈಕ್, ಆಟೋ ಸಾಲಕ್ಕೆ 'ಫ್ಲಾಟ್ ರೇಟ್' ಹೇಳುವವರು ಮಾಡೋದು ಇದೇ ಭಾಗಾಕಾರ. ಮೇಲಿನ ಒಪ್ಪಂದವನ್ನೇ ಅವರು ಶೇ. 6.38 ಫ್ಲಾಟ್ ಅಂತ ಮಾರುತ್ತಾರೆ. ಕಟ್ಟುವ ಹಣ ಒಂದು ಪೈಸೆ ಬದಲಾಗಿಲ್ಲ, ಕೇಳೋಕೆ ಮಾತ್ರ ಅಗ್ಗ. 2024ರ ಅಕ್ಟೋಬರ್‌ನಿಂದ ಚಿಲ್ಲರೆ ಸಾಲಗಳಿಗೆ ಎಲ್ಲ ಖರ್ಚು ಸೇರಿದ ವಾರ್ಷಿಕ ದರವನ್ನು ಮುಖ್ಯಾಂಶಗಳ ಪತ್ರದಲ್ಲಿ ಬರೆದು ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು. ಆಮೇಲೆ ಈ ಆಟಕ್ಕೆ ಸ್ವಲ್ಪ ಕಡಿವಾಣ ಬಿದ್ದಿದೆ.

ಇನ್ನೊಂದು ಹಳೇ ವಿಧಾನವಿದೆ, ಅಂಕಿಗಳ ಮೊತ್ತದ ವಿಧಾನ. ಐದು ವರ್ಷಕ್ಕೆ 5, 4, 3, 2, 1 ಕೂಡಿಸಿದರೆ 15. ಮೊದಲ ವರ್ಷಕ್ಕೆ ಬಡ್ಡಿಯ 15ರಲ್ಲಿ 5 ಪಾಲು, ಅಂದರೆ 10,633. ಹನ್ನೆರಡು ತಿಂಗಳಿಗೆ ಕೂಡಿಸಿದರೆ 78 ಬರುತ್ತದೆ, ಅದಕ್ಕೇ ಅಮೆರಿಕದಲ್ಲಿ ಇದನ್ನು 78ರ ನಿಯಮ ಅನ್ನುತ್ತಾರೆ. ಕಂಪ್ಯೂಟರ್ ಇಲ್ಲದ ಕಾಲಕ್ಕೆ ಇದು ಸಲೀಸು. ಆದರೆ ಸಾಲವನ್ನು ಅವಧಿಗೆ ಮುಂಚೆ ತೀರಿಸುವವರಿಗೆ ಪೆಟ್ಟು. ನಮ್ಮ ಗಿರಾಕಿ ಮೂರು ವರ್ಷ ಕಟ್ಟಿ ಲೆಕ್ಕ ಮುಗಿಸಲು ಬಂದ ಅಂದುಕೊಳ್ಳಿ. ಸರಿಯಾದ ಲೆಕ್ಕದಲ್ಲಿ ಕೊಡಬೇಕಾದ್ದು 45,782. 78ರ ನಿಯಮದ ಲೆಕ್ಕದಲ್ಲಿ 46,380. ಅವಧಿ ಉದ್ದವಾದಷ್ಟೂ, ಬಡ್ಡಿ ದರ ಏರಿದಷ್ಟೂ ಈ ವ್ಯತ್ಯಾಸ ದೊಡ್ಡದಾಗುತ್ತದೆ. 61 ತಿಂಗಳಿಗಿಂತ ಉದ್ದದ ಗ್ರಾಹಕ ಸಾಲಗಳಿಗೆ ಅಮೆರಿಕ 1992ರಲ್ಲೇ ಇದನ್ನು ನಿಷೇಧಿಸಿತು.

ಗಳಿಸಿಯೂ ಕೈಗೆ ಬಾರದ ಬಡ್ಡಿ ಬೇರೆ, ಗಳಿಸದ ಬಡ್ಡಿ ಬೇರೆ. ಇವೆರಡನ್ನು ಕಲಸಿಬಿಡುವವರು ಬಹಳ. ಮೊದಲ ವರ್ಷದ ಆರು ತಿಂಗಳು ಕಳೆದಿದೆ, ಕಂತು ಇನ್ನೂ ಬಂದಿಲ್ಲ. ಆದರೂ ಸುಮಾರು 5,000 ಬಡ್ಡಿ ಗಳಿಸಿಯಾಗಿದೆ. ಅದು ಬರಬೇಕಾದ ಬಡ್ಡಿ, ನಿವ್ವಳ ಬಾಕಿಯನ್ನು 1,05,000ಕ್ಕೆ ಏರಿಸುತ್ತದೆ. ಉಳಿದ 26,900 ಇನ್ನೂ ಗಳಿಸದ್ದು, ಒಟ್ಟು ಬಾಕಿಯಿಂದ ಕಳೆಯಬೇಕಾದ್ದು. ಒಂದು ಕೂಡುತ್ತದೆ, ಇನ್ನೊಂದು ಕಳೆಯುತ್ತದೆ.

ದರ ಇಳಿಸಿದರೆ ಏನಾಗುತ್ತದೆ

ಈಗ ಪ್ರಕರಣದ ಹೃದಯಕ್ಕೆ ಬರೋಣ. ಮೇಲಿನ ಲೆಕ್ಕದಲ್ಲಿ ಯಂತ್ರದ ನಗದು ಬೆಲೆ ನಮಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ? ಎಲ್ಲರೂ ಲೀಸಿಗೇ ತೆಗೆದುಕೊಂಡರೆ, ಒಬ್ಬೊಬ್ಬ ಗಿರಾಕಿಗೆ ಒಂದೊಂದು ರಿಯಾಯಿತಿ ಇದ್ದರೆ, ಬಾಕ್ಸಿನ ನಿಜವಾದ ಬೆಲೆ ಎಂದು ತೋರಿಸಲು ಏನೂ ಸಿಗುವುದಿಲ್ಲ. ಆಗ ಲೆಕ್ಕ ಹಿಂದುಮುಂದಾಗುತ್ತದೆ. ಮೊದಲು ಬಡ್ಡಿ ದರ ಇಷ್ಟು ಎಂದು ಆರಿಸುತ್ತಾರೆ, ಅದರಿಂದ ಬಾಕ್ಸಿನ ಬೆಲೆ ಹುಟ್ಟುತ್ತದೆ.

ಅದೇ ಒಪ್ಪಂದ, ಅದೇ 26,380ರ ಐದು ಕಂತು. ಶೇ. 10ರ ಬದಲು ಶೇ. 6 ಹಾಕಿ ನೋಡಿ. ಐದು ಕಂತುಗಳ ಇವತ್ತಿನ ಬೆಲೆ, ಅಂದರೆ ಮುಂದೆ ಬರುವ ಕಂತುಗಳಿಂದ ಆ ದರದ ಬಡ್ಡಿ ಕಳೆದರೆ ಉಳಿಯುವ ಮೊತ್ತ, 1,11,122. ಗಳಿಸದ ಬಡ್ಡಿ 20,778ಕ್ಕೆ ಇಳಿಯಿತು. ಗಿರಾಕಿ ಒಂದು ಡಾಲರ್ ಜಾಸ್ತಿ ಕೊಡುತ್ತಿಲ್ಲ. ಆದರೂ ಇವತ್ತಿನ ಮಾರಾಟ 11,122 ಡಾಲರ್ ಏರಿತು.

ಇಷ್ಟಕ್ಕೇ ನಿಲ್ಲಬೇಕಾಗಿಲ್ಲ. ಸರ್ವಿಸ್‌ಗೆ ವರ್ಷಕ್ಕೆ 10,000 ಯಾಕೆ, 8,000 ಸಾಕು ಎಂದು ಬರೆದುಕೊಂಡರೆ ವರ್ಷಕ್ಕೆ 2,000 ಬಾಕ್ಸಿನ ಕಡೆ ಬರುತ್ತದೆ. ಈಗ 28,380ರ ಐದು ಕಂತಿಗೆ ಶೇ. 6ರಂತೆ ಇವತ್ತಿನ ಬೆಲೆ 1,19,547. ಯಂತ್ರ ತಯಾರಿಸಲು 70,000 ಖರ್ಚಾಗಿದ್ದರೆ ಮೊದಲ ದಿನದ ಲಾಭ 30,000 ಇದ್ದದ್ದು 49,547 ಆಯಿತು. ಒಟ್ಟು 1,81,900 ಹಾಗೇ ಇದೆ, ಗಿರಾಕಿಯ ಬಿಲ್ಲೂ ಹಾಗೇ ಇದೆ.

ಜೆರಾಕ್ಸ್ ಮಾಡಿದ್ದು ಈ ಎರಡನ್ನೂ, ಬಹಳ ದೊಡ್ಡ ಪ್ರಮಾಣದಲ್ಲಿ, ಎಂದು ಎಸ್‌ಇಸಿ ಹೇಳಿತು. ಮೊದಲನೆಯದಕ್ಕೆ ಕಂಪನಿಯೊಳಗೆ ಇದ್ದ ಹೆಸರು 'ರಿಟರ್ನ್ ಆನ್ ಈಕ್ವಿಟಿ' ವಿಧಾನ. ತನ್ನ ಫೈನಾನ್ಸ್ ವ್ಯವಹಾರ ಈಕ್ವಿಟಿಯ ಮೇಲೆ, ಅಂದರೆ ಅದರಲ್ಲಿ ಹಾಕಿದ ಸ್ವಂತ ಬಂಡವಾಳದ ಮೇಲೆ, ಶೇ. 15ರಷ್ಟು ಲಾಭ ಕೊಟ್ಟರೆ ಸಾಕು ಎಂದು ಕಂಪನಿ ತಾನೇ ತೀರ್ಮಾನಿಸಿತು. ಅದಕ್ಕಿಂತ ಮೇಲೆ ಬಂದ ಬಡ್ಡಿ ಬಡ್ಡಿಯೇ ಅಲ್ಲ, ಅದು ಬಾಕ್ಸಿನ ಬೆಲೆ ಎಂದು ಆ ಕಡೆಗೆ ತಳ್ಳಿತು. ಎರಡನೆಯದು 'ಮಾರ್ಜಿನ್ ನಾರ್ಮಲೈಸೇಷನ್'. ಸರ್ವಿಸ್‌ನ ಲಾಭದ ಪ್ರಮಾಣವನ್ನೂ ಯಂತ್ರದ ಲಾಭದ ಪ್ರಮಾಣವನ್ನೂ ಸರಿದೂಗಿಸುವ ನೆಪದಲ್ಲಿ ಸರ್ವಿಸ್‌ನ ಹಣ ಬಾಕ್ಸಿಗೆ ಹೋಯಿತು. ಹೆಸರುಗಳು ಎಷ್ಟು ಗಂಭೀರ ನೋಡಿ! ಯಾವುದೋ ಎಂಬಿಎ ಪಾಠದಂತೆ ಕೇಳಿಸುತ್ತವೆ.

ಇದನ್ನು ಮಾಡಿದ ಜಾಗವೂ ಮುಖ್ಯ. ಒಂದೊಂದು ದೇಶದ ಶಾಖೆ ತನ್ನ ಲೆಕ್ಕ ಮುಗಿಸಿ ಕಳಿಸಿದ ಮೇಲೆ ಮುಖ್ಯ ಕಚೇರಿಯಲ್ಲಿ ಕೂತು ಮೇಲಿನಿಂದ ತಿದ್ದುಪಡಿ ಹಾಕುತ್ತಿದ್ದರು. ಬ್ರೆಜಿಲ್‌ನಲ್ಲೋ ಯುರೋಪಿನಲ್ಲೋ ಆ ಒಪ್ಪಂದ ಮಾಡಿದ ಮನುಷ್ಯನಿಗೆ ತನ್ನ ಬಾಕ್ಸಿನ ಬೆಲೆ ಏರಿದ್ದು ಗೊತ್ತೇ ಇರದ ಸಂದರ್ಭವೂ ಇರಬಹುದು. ತ್ರೈಮಾಸಿಕದ ಕೊನೆಗೆ ವಾಲ್ ಸ್ಟ್ರೀಟ್, ಅಂದರೆ ಅಮೆರಿಕದ ಷೇರುಪೇಟೆಯವರ, ನಿರೀಕ್ಷೆಗೂ ನಿಜವಾದ ಲಾಭಕ್ಕೂ ಎಷ್ಟು ಅಂತರ ಇದೆ ಎಂದು ನೋಡಿ ಅದನ್ನು ತುಂಬುವುದು ಉದ್ದೇಶ. 1997ರಿಂದ 1999ರ ವರೆಗಿನ 12 ತ್ರೈಮಾಸಿಕಗಳಲ್ಲಿ 11ರಲ್ಲಿ ಈ ತಿದ್ದುಪಡಿಗಳಿಲ್ಲದೆ ನಿರೀಕ್ಷೆ ಮುಟ್ಟುತ್ತಿರಲಿಲ್ಲ ಎಂಬುದು ಎಸ್‌ಇಸಿಯ ಲೆಕ್ಕ.

ಬೇರೆ ದಾರಿಗಳೂ ಇದ್ದವು, ಬೇಗ ಹೇಳಿಬಿಡುತ್ತೇನೆ. ನಡೆಯುತ್ತಿರುವ ಲೀಸಿನ ಅವಧಿ ವಿಸ್ತರಿಸಿದಾಗ ಅಥವಾ ಬಾಡಿಗೆ ಏರಿಸಿದಾಗ ಆ ಏರಿಕೆಯನ್ನು ಉಳಿದ ಅವಧಿಗೆ ಹಂಚಬೇಕಿತ್ತು, ಒಂದೇ ಸಲಕ್ಕೆ ಬರೆದರು. ಲೀಸ್ ಮುಗಿದ ಮೇಲೆ ಯಂತ್ರಕ್ಕೆ ಉಳಿಯುವ ಬೆಲೆಯನ್ನು ಮಧ್ಯದಲ್ಲಿ ಏರಿಸಿದರು. ನಿಯಮದ ಪ್ರಕಾರ ಅದನ್ನು ಇಳಿಸಬಹುದು, ಏರಿಸುವಂತಿಲ್ಲ. ಬ್ರೆಜಿಲ್‌ನಲ್ಲಿ ಬಾಡಿಗೆ ಒಪ್ಪಂದಗಳಿಂದ ಮುಂದೆ ಬರುವ ಹಣವನ್ನು ಹೂಡಿಕೆದಾರರಿಗೆ ಮಾರಿ, ಆ ಆದಾಯವನ್ನೂ ಮುಂಚಿತವಾಗಿ ಎಳೆದುಕೊಂಡರು.

ಬಾಕಿ ಉಬ್ಬುತ್ತದೆ, ಬಡ್ಡಿ ಬತ್ತುತ್ತದೆ

ಈ ಕೇಸಿನ ಬಗ್ಗೆ ಬರೆಯುವವರೆಲ್ಲ ಆದಾಯದ ಮಾತೇ ಆಡುತ್ತಾರೆ. ನನಗೆ ಬ್ಯಾಲೆನ್ಸ್ ಶೀಟ್ ಜಾಸ್ತಿ ಕುತೂಹಲ ಹುಟ್ಟಿಸುತ್ತದೆ. ಶೇ. 6 ಹಾಕಿದಾಗ ನಿವ್ವಳ ಬಾಕಿ 1,00,000ದಿಂದ 1,11,122ಕ್ಕೆ ಏರಿತು ಅಲ್ವಾ? ಅಂದರೆ ಆಸ್ತಿಯೂ ಉಬ್ಬಿತು. ಆ ಗಿರಾಕಿಯ ಬಾಕಿಯನ್ನು ಪೇಟೆಯಲ್ಲಿ ಮಾರಲು ಹೊರಟರೆ ಶೇ. 10 ಬಡ್ಡಿ ಕೇಳುವ ಫೈನಾನ್ಸ್ ಕಂಪನಿ ಕೊಡುವುದು 1,00,000 ಮಾತ್ರ. 11,122 ಗಾಳಿಯಲ್ಲಿ ಹೋಗುತ್ತದೆ. ಸರ್ವಿಸ್ ಹಣವನ್ನು ಸೇರಿಸಿದ ಲೆಕ್ಕವಂತೂ ಇನ್ನೂ ವಿಚಿತ್ರ. ಯಾರೂ ಇನ್ನೂ ಮಾಡದ ರಿಪೇರಿ, ಯಾರೂ ಇನ್ನೂ ತುಂಬದ ಟೋನರ್, ಬರಬೇಕಾದ ಬಾಕಿ ಎಂಬ ಹೆಸರಲ್ಲಿ ಆಸ್ತಿಯಾಗಿ ಕೂತಿದೆ.

ಮುಂದಿನ ವರ್ಷಗಳ ಕಥೆ ನೋಡಿ. ಶೇ. 10ರ ಲೆಕ್ಕದಲ್ಲಿ ಮೊದಲ ವರ್ಷದ ಬಡ್ಡಿ ಆದಾಯ 10,000. ಶೇ. 6ರ ಲೆಕ್ಕದಲ್ಲಿ 6,667. ಒಂದೊಂದು ಹಳೇ ಲೀಸೂ ವರ್ಷ ವರ್ಷ ಕಡಿಮೆ ಆದಾಯ ತರುತ್ತದೆ. ಆ ಖೋತಾ ತುಂಬಲು ಇನ್ನಷ್ಟು ಹೊಸ ಲೀಸ್ ಬೇಕು, ಅಥವಾ ದರವನ್ನು ಇನ್ನೂ ಇಳಿಸಬೇಕು. ಮುಂದಿನ ತಿಂಗಳ ಸಂಬಳವನ್ನು ಮುಂಗಡ ತೆಗೆದುಕೊಂಡು ಈ ತಿಂಗಳ ಹಬ್ಬ ಮಾಡುವವನ ಪಾಡು ಇದು. ಹೊಸ ಮಾರಾಟ ಏರುತ್ತಿರುವ ತನಕ ಯಾರಿಗೂ ಕಾಣುವುದಿಲ್ಲ. ನಿಂತಾಗ ಎಲ್ಲ ಒಟ್ಟಿಗೆ ಕಾಣುತ್ತದೆ.

ಜೆರಾಕ್ಸಿಗೆ ಅದು ನಿಂತಿತು. ಕ್ಯಾನನ್, ರಿಕೋ ಅಗ್ಗದ ಯಂತ್ರ ತಂದಿದ್ದವು. 1999ರ ಜನವರಿಯಲ್ಲಿ ಬ್ರೆಜಿಲ್‌ನ ಹಣ ಕುಸಿಯಿತು. 1999ರಲ್ಲಿ 60 ಡಾಲರ್ ದಾಟಿದ್ದ ಷೇರು 2000ದ ಕೊನೆಗೆ 5 ಡಾಲರ್ ಆಸುಪಾಸಿಗೆ ಬಂತು. ಆ ವರ್ಷವೇ ಮೆಕ್ಸಿಕೋ ಶಾಖೆಯ ಲೆಕ್ಕದಲ್ಲಿ ತೊಂದರೆ ಹೊರಬಿದ್ದು ತನಿಖೆ ಶುರುವಾಗಿತ್ತು. ಕಂಪನಿಯ ಒಳಗೇ ಲೆಕ್ಕದ ಬಗ್ಗೆ ಪ್ರಶ್ನೆ ಎತ್ತಿದ ಸಹಾಯಕ ಖಜಾಂಚಿಯೊಬ್ಬರು 2000ದ ಆಗಸ್ಟಿನಲ್ಲಿ ಕೆಲಸ ಕಳೆದುಕೊಂಡರು.

ಆಡಿಟರು ಎಲ್ಲಿದ್ದರು?

ಆಡಿಟರ್ ಕೆಪಿಎಂಜಿ. 1997ರಿಂದ 2000ದ ವರೆಗೆ ಜೆರಾಕ್ಸಿನಿಂದ ಅವರಿಗೆ ಸಿಕ್ಕಿದ್ದು 8.2 ಕೋಟಿ ಡಾಲರ್. ಅದರಲ್ಲಿ ಆಡಿಟ್ ಶುಲ್ಕ 2.6 ಕೋಟಿ, ಉಳಿದ 5.6 ಕೋಟಿ ಬೇರೆ ಕೆಲಸಗಳಿಗೆ. ಆಡಿಟಿಗಿಂತ ಎರಡು ಪಟ್ಟು ಬೇರೆ ದುಡ್ಡು ಕೊಡುವ ಗಿರಾಕಿಗೆ 'ಇದು ತಪ್ಪು' ಎನ್ನುವುದು ಎಷ್ಟು ಸುಲಭ, ನೀವೇ ಹೇಳಿ.

ಆದರೂ ಹೇಳಿದವರು ಇದ್ದರು. ಬೇರೆ ದೇಶಗಳ ಕೆಪಿಎಂಜಿ ಕಚೇರಿಗಳು ಈ ವಿಧಾನಗಳ ಬಗ್ಗೆ ಅನುಮಾನ ಎತ್ತಿದ್ದವು. ಗಟ್ಟಿಯಾಗಿ ಪ್ರಶ್ನೆ ಕೇಳಿದ ಕೆಪಿಎಂಜಿಯ ಮುಖ್ಯ ಪಾಲುದಾರರನ್ನು ಬದಲಿಸಿ ಎಂದು ಜೆರಾಕ್ಸ್ ಕೇಳಿತು, ಸಂಸ್ಥೆ ಬದಲಿಸಿತು. 2003ರ ಜನವರಿಯಲ್ಲಿ ಎಸ್‌ಇಸಿ ಕೆಪಿಎಂಜಿಯ ಮೇಲೂ ಕೇಸು ಹಾಕಿತು. 2005ರಲ್ಲಿ ಅದು ಸುಮಾರು 2.2 ಕೋಟಿ ಡಾಲರ್ ಕಟ್ಟಿ ಮುಗಿಸಿಕೊಂಡಿತು. ಅದಕ್ಕೂ ಮೊದಲು, 2003ರ ಜೂನ್‌ನಲ್ಲಿ, ಜೆರಾಕ್ಸಿನ ಮಾಜಿ ಮುಖ್ಯಸ್ಥರಾದ ಪಾಲ್ ಅಲೇರ್, ರಿಚರ್ಡ್ ಥೋಮನ್ ಮತ್ತು ಹಣಕಾಸು ಮುಖ್ಯಸ್ಥ ಬ್ಯಾರಿ ರೋಮರಿಲ್ ಸೇರಿ ಆರು ಮಂದಿ ಒಟ್ಟು 2.2 ಕೋಟಿ ಡಾಲರ್ ಕೊಟ್ಟು, ಆರೋಪ ಒಪ್ಪದೆ, ಅಲ್ಲಗಳೆಯದೆ ಇತ್ಯರ್ಥ ಮಾಡಿಕೊಂಡಿದ್ದರು.

ಎಲ್ಲ ತಪ್ಪೂ ದುರುದ್ದೇಶದ್ದೇ ಅಂತ ನಾನು ಹೇಳುವುದಿಲ್ಲ. ಒಂದೇ ಬಿಲ್ಲಿನಲ್ಲಿ ಮೂರು ವಸ್ತು ಮಾರುವ ಯಾವ ಕಂಪನಿಗೂ ಹಂಚಿಕೆ ತಲೆನೋವೇ. ಅಂದಾಜು ಇಲ್ಲದೆ ಆಗೋದಿಲ್ಲ. ಆದರೆ ಪ್ರಾಮಾಣಿಕ ಅಂದಾಜು ಒಮ್ಮೆ ಮೇಲಕ್ಕೆ ತಪ್ಪುತ್ತದೆ, ಒಮ್ಮೆ ಕೆಳಕ್ಕೆ ತಪ್ಪುತ್ತದೆ. ಪ್ರತಿ ಬಾರಿಯೂ ಬಾಕ್ಸಿನ ಕಡೆಗೇ, ಅದೂ ತ್ರೈಮಾಸಿಕದ ಕೊನೆಯಲ್ಲೇ ತಪ್ಪಿದರೆ ಅದನ್ನು ಅಂದಾಜು ಎನ್ನುವುದು ಕಷ್ಟ.

ತಿದ್ದಿ ಬರೆದ ಲೆಕ್ಕ

2001ರ ಅಕ್ಟೋಬರ್‌ನಲ್ಲಿ ಜೆರಾಕ್ಸ್ ಆಡಿಟರನ್ನು ಬದಲಿಸಿತು. ಹೊಸದಾಗಿ ಬಂದ ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ ಜೊತೆ ಕೂತು ಐದು ವರ್ಷದ ಲೆಕ್ಕ ಬಿಚ್ಚಿ, 2002ರ ಜೂನ್ ಕೊನೆಗೆ ಫಲಿತಾಂಶ ಹೊರಗೆ ಬಂತು. 1997ರಿಂದ 2001ರ ವರೆಗೆ ಬರೆದಿದ್ದ 640 ಕೋಟಿ ಡಾಲರ್ ಯಂತ್ರ ಮಾರಾಟವನ್ನು ಅಳಿಸಿ ಹಾಕಿದರು. ಅದರ ಜಾಗದಲ್ಲಿ 510 ಕೋಟಿ ಡಾಲರನ್ನು ಅದೇ ಐದು ವರ್ಷಗಳ ಸರ್ವಿಸ್, ಬಾಡಿಗೆ, ಫೈನಾನ್ಸ್ ಆದಾಯವಾಗಿ ಮರಳಿ ಬರೆದರು. ತೆರಿಗೆಗೆ ಮುಂಚಿನ ಲಾಭ ಐದು ವರ್ಷದಲ್ಲಿ ಸುಮಾರು 140 ಕೋಟಿ ಡಾಲರ್ ಕಡಿಮೆಯಾಯಿತು.

ಇದನ್ನು ಓದಿದಾಗ ಕೆಲವರು 'ಹಾಗಾದರೆ ಹಣ ಎಲ್ಲೂ ಹೋಗಿಲ್ಲವಲ್ಲ' ಅನ್ನುತ್ತಾರೆ. ಹೌದು, ಬಹುಪಾಲು ಜಾಗ ಬದಲಿಸಿತಷ್ಟೇ. ಆದರೆ ಷೇರುದಾರ ಕೊಂಡದ್ದು ಆವತ್ತಿನ ಲಾಭ ನೋಡಿ, ಆವತ್ತಿನ ಬೆಲೆ ಕೊಟ್ಟು. ಅಂಥವರ ಸಾಮೂಹಿಕ ದಾವೆ 2008ರಲ್ಲಿ ಮುಗಿದಾಗ ಜೆರಾಕ್ಸ್ 67 ಕೋಟಿ ಡಾಲರ್, ಕೆಪಿಎಂಜಿ 8 ಕೋಟಿ ಡಾಲರ್ ಕೊಡಲು ಒಪ್ಪಿದವು. ಎಸ್‌ಇಸಿಯ ದಂಡ ಇದರ ಮುಂದೆ ಚಿಲ್ಲರೆ.

ತಿದ್ದುಪಡಿಯಲ್ಲಿ ಇನ್ನೊಂದು ಅಂಶವಿತ್ತು. ಲ್ಯಾಟಿನ್ ಅಮೆರಿಕದ ಎಷ್ಟೋ ಲೀಸ್‌ಗಳು ಮಾರಾಟದಂಥ ಲೀಸ್‌ಗಳೇ ಅಲ್ಲ, ಬರೀ ಬಾಡಿಗೆ ಎಂದು ತೀರ್ಮಾನವಾಯಿತು. ಬರೀ ಬಾಡಿಗೆ ಆದರೆ ಐದು ವರ್ಷದ ಬಾಕಿ ಎಂಬುದೇ ಪುಸ್ತಕದಲ್ಲಿ ಹುಟ್ಟುವುದಿಲ್ಲ. ಯಂತ್ರ ಕಂಪನಿಯದೇ ಆಸ್ತಿಯಾಗಿ ಉಳಿಯುತ್ತದೆ, ಸವಕಳಿ ಬರೆಯಬೇಕು, ತಿಂಗಳ ಬಾಡಿಗೆ ಮಾತ್ರ ಆದಾಯ. ಗಳಿಸದ ಬಡ್ಡಿಯ ಮಾತೇ ಏಳುವುದಿಲ್ಲ.

ನಮ್ಮ ಬ್ಯಾಲೆನ್ಸ್ ಶೀಟುಗಳಲ್ಲಿ ಇದು ಎಲ್ಲಿದೆ

ಭಾರತದಲ್ಲಿ ಈ ಸಾಲಿಗೆ ಹಳೇ ಹೆಸರು 'ಅನ್‌ಮೆಚ್ಯೂರ್ಡ್ ಫೈನಾನ್ಸ್ ಚಾರ್ಜಸ್'. ಲಾರಿ, ಆಟೋ, ಟ್ರ್ಯಾಕ್ಟರಿಗೆ ಹೈರ್ ಪರ್ಚೇಸ್ (ಕಂತು ತೀರಿದ ಮೇಲೆ ವಾಹನ ಗಿರಾಕಿಯದಾಗುವ) ಸಾಲ ಕೊಡುವ ಕಂಪನಿಗಳ ಹಳೆಯ ವಾರ್ಷಿಕ ವರದಿ ತೆಗೆದರೆ ಕಾಣುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಲ್ಲೂ ಈ ಮಾತು ಇತ್ತು. ಹೈರ್ ಪರ್ಚೇಸ್ ಸಾಲಕ್ಕೆ ನಷ್ಟದ ಮೀಸಲು ಲೆಕ್ಕ ಹಾಕುವಾಗ ತಪ್ಪಿದ ಕಂತು, ಮುಂದಿನ ಕಂತು ಎಲ್ಲ ಕೂಡಿಸಬೇಕು. ಅದರಿಂದ ಇನ್ನೂ ಲಾಭಕ್ಕೆ ತೆಗೆದುಕೊಳ್ಳದ ಈ ಚಾರ್ಜನ್ನೂ, ಸವೆದ ವಾಹನದ ಬೆಲೆಯನ್ನೂ ಕಳೆಯಬೇಕು. ಉಳಿದದ್ದಕ್ಕೆ ಮೀಸಲು. ಇದು ಸರಿಯಾದ ದಾರಿ. ಗಳಿಸದ ಬಡ್ಡಿ ಬಾರದಿದ್ದರೆ ಅದು ನಷ್ಟವಲ್ಲ, ಅದನ್ನು ಆದಾಯ ಎಂದು ಬರೆದೇ ಇಲ್ಲವಲ್ಲ! ಆದಾಯ ಎಂದು ಬರೆದೂ ಕೈಗೆ ಬಾರದ ಬಡ್ಡಿಯದು ಬೇರೆ ಕಥೆ. ಸಾಲ ಎನ್‌ಪಿಎ, ಅಂದರೆ ಕಂತು ಬಾರದೆ ನಿಂತ ಸಾಲ, ಆದರೆ ಅದನ್ನು ವಾಪಸ್ ತೆಗೆಯಬೇಕು.

ಕಂತಿನಲ್ಲಿ ಟಿವಿ, ಫ್ರಿಜ್ ಮಾರುವ ಅಂಗಡಿಯವರಿಗೂ ನಿಯಮ ಇದೆ. ಲೆಕ್ಕಪತ್ರ ಮಾನದಂಡ ಎಎಸ್ 9ರ ಪ್ರಕಾರ, ಬಡ್ಡಿ ಬಿಟ್ಟು ಉಳಿದ ಮಾರಾಟ ಬೆಲೆಯನ್ನು ಮಾರಿದ ದಿನ ಬರೆಯಬೇಕು. ಬಡ್ಡಿಯನ್ನು ಉಳಿದಿರುವ ಬಾಕಿಗೆ ತಕ್ಕಂತೆ ಬರೆಯಬೇಕು. ಲೀಸ್ ಕೊಡುವ ದೊಡ್ಡ ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ ಇಂಡ್ ಎಎಸ್ 116 ಎಂಬ ಮಾನದಂಡ. ಫೈನಾನ್ಸ್ ಲೀಸ್ ಇದ್ದರೆ ಮುಂದೆ ಬರಬೇಕಾದ ಹಣವನ್ನು ವರ್ಷವಾರು ತೋರಿಸಿ, ಅದರಲ್ಲಿ ಗಳಿಸದ ಫೈನಾನ್ಸ್ ಆದಾಯ ಎಷ್ಟು ಎಂದು ಲೆಕ್ಕದ ಜೊತೆಗಿನ ಟಿಪ್ಪಣಿಗಳಲ್ಲಿ, ಅಂದರೆ ನೋಟ್ಸಿನಲ್ಲಿ, ಹೇಳಬೇಕು.

ಆ ನೋಟ್ಸ್ ಓದುವಾಗ ನಾನು ಮೊದಲು ಮಾಡುವುದು ಒಂದು ಒರಟು ಭಾಗಾಕಾರ. ವರ್ಷದ ಫೈನಾನ್ಸ್ ಆದಾಯವನ್ನು ವರ್ಷದ ಸರಾಸರಿ ನಿವ್ವಳ ಬಾಕಿಯಿಂದ ಭಾಗಿಸುತ್ತೇನೆ. ಆ ಕಂಪನಿ ತಾನೇ ಶೇ. 9ಕ್ಕೆ ಸಾಲ ತಂದು, ಗಿರಾಕಿಯಿಂದ ಗಳಿಸಿದ್ದು ಶೇ. 6 ಅಂತ ತೋರಿಸಿದರೆ ಎರಡರಲ್ಲಿ ಒಂದು ನಿಜ. ಒಂದೋ ಅದು ಫೈನಾನ್ಸ್‌ನಲ್ಲಿ ನಷ್ಟ ಮಾಡಿಕೊಳ್ಳುತ್ತಿದೆ, ಇಲ್ಲವೇ ಬಡ್ಡಿಯನ್ನು ಬೇರೆ ಎಲ್ಲೋ ಬರೆಯುತ್ತಿದೆ. ಆಮೇಲೆ ಗಳಿಸದ ಬಡ್ಡಿ ಒಟ್ಟು ಬಾಕಿಯ ಎಷ್ಟು ಪಾಲು ಎಂದು ಮೂರ್ನಾಲ್ಕು ವರ್ಷಕ್ಕೆ ನೋಡಬೇಕು. ಲೀಸ್ ಅವಧಿ, ಪೇಟೆಯ ಬಡ್ಡಿ ಎರಡೂ ಹಾಗೇ ಇದ್ದು ಆ ಪಾಲು ಮಾತ್ರ ಇಳಿಯುತ್ತಿದ್ದರೆ ಪ್ರಶ್ನೆ ಕೇಳಬೇಕು. ಫೈನಾನ್ಸ್ ಆದಾಯ ಕುಗ್ಗುತ್ತಾ ಯಂತ್ರ ಮಾರಾಟದ ಲಾಭಾಂಶ ಏರುತ್ತಿದ್ದರಂತೂ ಖಂಡಿತ ಕೇಳಬೇಕು, ಅದರಲ್ಲೂ ಪೇಟೆಯಲ್ಲಿ ಯಂತ್ರದ ಬೆಲೆ ಬೀಳುತ್ತಿರುವ ಕಾಲದಲ್ಲಿ.

ಬಾಕಿಗೆ ಸಾಲ ಕೊಟ್ಟವರು

ಜೆರಾಕ್ಸ್ ಉಳಿಯಿತು. 2000ದ ಮೇ ತಿಂಗಳಲ್ಲಿ ಅಧ್ಯಕ್ಷೆಯಾಗಿ, 2001ರ ಆಗಸ್ಟಿನಲ್ಲಿ ಮುಖ್ಯ ಕಾರ್ಯನಿರ್ವಾಹಕಿಯಾಗಿ ಬಂದ ಆ್ಯನ್ ಮಲ್ಕಾಹಿ ಮುಂದೆ ಇದ್ದ ಮೊದಲ ಕೆಲಸ ನಗದು ಹೊಂದಿಸುವುದು. ಗಿರಾಕಿಗಳಿಗೆ ತಾನೇ ಸಾಲ ಕೊಡುವ ಕಂಪನಿಗೆ ತಾನೂ ಸಾಲ ಬೇಕು. ಲೆಕ್ಕದ ಮೇಲೆ ನಂಬಿಕೆ ಹೋದ ಕಂಪನಿಗೆ ಯಾರು ಕೊಡುತ್ತಾರೆ?

ಕೊಟ್ಟದ್ದು ಜಿಇ ಕ್ಯಾಪಿಟಲ್ ಎಂಬ ಫೈನಾನ್ಸ್ ಕಂಪನಿ, ಆಧಾರವಾಗಿ ಕೇಳಿದ್ದು ಲೀಸ್ ಬಾಕಿಗಳನ್ನೇ. 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಗಿರಾಕಿಗಳ ಲೀಸ್‌ಗಳಿಗೆ 500 ಕೋಟಿ ಡಾಲರ್ ವರೆಗೆ ಸಾಲ ಕೊಡುವ ಎಂಟು ವರ್ಷದ ಒಪ್ಪಂದ ಆಯಿತು. ಲೀಸ್ ಬಾಕಿಯ ಮೇಲೆ ಸಾಲ ಕೊಡುವವನಿಗೆ ಬಾಕ್ಸಿನ ಬೆಲೆ ಪುಸ್ತಕದಲ್ಲಿ ಎಷ್ಟು ಅಂತ ಬರೆದಿದೆ ಎಂಬುದು ಬೇಕಾಗಿಲ್ಲ. ಯಾವ ಗಿರಾಕಿ, ತಿಂಗಳಿಗೆ ಎಷ್ಟು ಕಟ್ಟುತ್ತಾನೆ, ಎಷ್ಟು ಕಂತು ಉಳಿದಿದೆ ಎಂದು ನೋಡುತ್ತಾನೆ. ಅದಕ್ಕೆ ಬಡ್ಡಿ ದರ ಹಾಕುವುದು ಅವನೇ.